ಹದಿನಾಲ್ಕನೇ ಪ್ರಶ್ನೆ

ಬದಿಯಡ್ಕದಿಂದ ಜೀಪು ಬರಲಿಲ್ಲ, ನಡೆದೆವು.
ಮುಂದೆ ಬೀಟಿನ ಪೊಲೀಸು ಷೀಬಾ, ಕೊಟ್ಟಾರಕ್ಕರದವಳು;
ಹಿಂದೆ ನಾನು, ಎದೆಗವಚಿದ ಪ್ರಶ್ನಾವಳಿ ಎಂಬತ್ತು ಪ್ರತಿ.
‘ಜನಸ್ನೇಹಿ ಪೊಲೀಸು: ಗಡಿನಾಡಿನ ಒಂದು ಅಧ್ಯಯನ’
ಎಂದು ಮೇಲೆ ದಪ್ಪಕ್ಷರ, ಕೆಳಗೆ ನನ್ನ ಹೆಸರು ಸಣ್ಣಗೆ.

ಕಲ್ಲುಕೋರೆಯ ಧೂಳು ಅವಳ ಬೂಟಿಗೂ ನನ್ನ ಚಪ್ಪಲಿಗೂ
ಒಂದೇ ಕೆಂಪು ಬಳಿಯಿತು.
ಇಷ್ಟಾದರೂ ಸಮಾನತೆ ಬಂತಲ್ಲ ಎಂದು ಮಲಯಾಳದಲ್ಲಿ ನಕ್ಕಳು.

ಮೊದಲ ಮನೆಯಲ್ಲಿ ಕೋಳಿ ಮಾತ್ರ ಇತ್ತು.
ಎರಡನೆಯದರಲ್ಲಿ ಬಾಗಿಲ ಹಿಂದೆ ಉಸಿರಿತ್ತು, ಜನ ಇರಲಿಲ್ಲ.
ಖಾಕಿ ಕಂಡರೆ ಈ ಗುಡ್ಡೆಯಲ್ಲಿ ಮೊದಲು ನಿಲ್ಲುವುದು ಟೀವಿ,
ಆಮೇಲೆ ಕೆಮ್ಮು.

ಮೂರನೆಯದು ದೇಯಕ್ಕನ ಮನೆ. ಮಡಿಲ ಮೊರದಲ್ಲಿ ಬೀಡಿ ಎಲೆ.
ಕತ್ತರಿ ಕೆಳಗಿಡಲಿಲ್ಲ, ಕೂತುಕೊಳ್ಳಿ ಎನ್ನಲೂ ಇಲ್ಲ.
ಷೀಬಾ ಮೆಟ್ಟಿಲಲ್ಲಿ ಕೂತು ಬೂಟಿನ ಲೇಸು ಬಿಚ್ಚತೊಡಗಿದಳು.
ಧೂಳು ಹೀರಿ ಕಲ್ಲಾದ ಗಂಟು, ಉಗುರಿಗೆ ಜಗ್ಗದು,
ಸೂಪಾರಿ ಕಚ್ಚಿದಂತೆ ಹಲ್ಲು ಕಚ್ಚಿ ಎಳೆದಳು.
ಅಷ್ಟು ಹೊತ್ತು ಯಾರೂ ಮಾತಾಡಲಿಲ್ಲ.
ದೇಯಕ್ಕನ ಬೆರಳಲ್ಲಿ ಬೀಡಿ ಆರು ಮುಗಿದವು.

“ಸಂಶಯ ಉಂಟಾ?” ಕೇಳಿದಳು, ಕಲಿತ ಕನ್ನಡದಲ್ಲಿ.
ಅವಳೂರಲ್ಲಿ ಅದರರ್ಥ: ಏನಾದರೂ ಕೇಳಲಿಕ್ಕುಂಟಾ.
ನಮ್ಮೂರಲ್ಲಿ ಅದರರ್ಥ: ಯಾರ ಮೇಲೆ.
ಕತ್ತರಿ ನಿಂತಿತು.
“ನನಗೆ ಯಾರ ಮೇಲೂ ಇಲ್ಲ ಮಾರಾಯ್ತಿ.
ಇದ್ದದ್ದು ನಿಮಗೆ, ನನ್ನ ಮಗನ ಮೇಲೆ.”

ನಾನು ನಡುವೆ ಬಾಯಿ ಹಾಕಿ ತಿದ್ದಬೇಕಿತ್ತು,
ಎರಡೂ ಬಲ್ಲವಳು.
ಪೆನ್ನಿನ ಮುಚ್ಚಳ ಕಚ್ಚಿ ಕೂತೆ.

ಆಮೇಲೆ ಬಂತು, ಬೀಡಿಗೆ ನೂಲು ಸುತ್ತಿದ ಹಾಗೆ ಒಂದೊಂದೇ ಸುತ್ತು:
ತಲಪಾಡಿಯಲ್ಲಿ ಹಿಡಿದ ಮರಳಿನ ಲಾರಿ, ಪಕ್ಕದ ಸೀಟಲ್ಲಿ ಮಲಗಿದ್ದ ಐತಪ್ಪ;
ಠಾಣೆಯಲ್ಲಿ ಬರೆದುಕೊಂಡ ನಾಲ್ಕು ಪುಟ, ಉರುಟು ಉರುಟು ಅಕ್ಷರ;
‘ಓದಿ ಹೇಳಿದ್ದನ್ನು ಕೇಳಿ ಸರಿ ಎಂದು ಒಪ್ಪಿದೆ’
ಎಂಬ ಕೊನೆಯ ಸಾಲಿನ ಕೆಳಗೆ
ಅವನ ಕನ್ನಡದ ರುಜು, ಬಾಲ ಉದ್ದ.
“ಹನ್ನೊಂದು ತಿಂಗಳ ಮೇಲೆ ಕೋರ್ಟಿನಲ್ಲಿ ಯಾರೋ ಬಿಡಿಸಿ ಹೇಳಿದರು,
ಅವನು ಏನೇನು ಹೇಳಿದ್ದ ಅಂತ.
ಕೇಳಿ ಅವನಿಗೇ ಆಶ್ಚರ್ಯ.”

ದೇಯಕ್ಕ ನಕ್ಕಳು. ನಗಬಾರದಿತ್ತು, ನಾನೂ ನಕ್ಕೆ.
ಷೀಬಾ ನಗಲಿಲ್ಲ, ಅರ್ಥವಾಗದೆಯೋ, ಆಗಿಯೋ.

ಸುಧಾರಣೆ ಎಂಬ ಅಧ್ಯಾಯಕ್ಕೆ ನನ್ನ ಬಳಿ
ಆರು ಸಮಿತಿಗಳ ಶಿಫಾರಸು ಇದೆ, ಅಡಿಟಿಪ್ಪಣಿ ಸಹಿತ.
ದೂರಕ್ಕೂ ದೂರಿಗೂ ನಡುವೆ ಇರುವುದು ಒಂದು ಕೊಂಬು ಮಾತ್ರ
ಎಂದು ಯಾವುದರಲ್ಲೂ ಇಲ್ಲ.
ಇಲ್ಲಿಂದ ಠಾಣೆಗೆ ಹನ್ನೆರಡು ಕಿಲೋಮೀಟರು.
ಬಸ್ಸು ಎರಡು. ಮಧ್ಯಾಹ್ನದ್ದು ಬಂದರೆ ಬಂತು.

ಹದಿನಾಲ್ಕನೇ ಪ್ರಶ್ನೆ: ಪೊಲೀಸರ ಮೇಲೆ ನಿಮಗೆ ಎಷ್ಟು ನಂಬಿಕೆ?
ಒಂದರಿಂದ ಐದರೊಳಗೆ ಹೇಳಿ, ಎಂದೆ.
ದೇಯಕ್ಕ ಮೆಟ್ಟಿಲ ಕಡೆ ನೋಡಿದಳು,
ನಾಲಗೆ ಹೊರಹಾಕಿ ಮಗ್ಗುಲಿಗೆ ಬಿದ್ದಿದ್ದ ಜೋಡಿಯನ್ನು.
“ಇವಳ ಮೇಲೋ, ಇವಳ ಬೂಟಿನ ಮೇಲೋ?”

ನನ್ನ ಹಾಳೆಯಲ್ಲಿ ಅಷ್ಟು ಚೌಕಗಳಿರಲಿಲ್ಲ.
ಖಾಲಿ ಬಿಟ್ಟೆ. ಗೈಡು ಬೈಯುತ್ತಾರೆ, ಗೊತ್ತು.

ಷೀಬಾ ಕಿಸೆಯ ಪುಸ್ತಕ ತೆಗೆದು ಕನ್ನಡದಲ್ಲಿ ಬರೆದುಕೊಂಡಳು: ದೆಯಕ್ಕ.
“ಹಾಗಲ್ಲ,” ಎಂದಳು ಇವಳು, “ಎಳಿ. ದೇ…”
ಕತ್ತರಿಯ ತುದಿಯಿಂದ ಗಾಳಿಯಲ್ಲಿ ದೀರ್ಘ ಹಾಕಿ ತೋರಿಸಿದಳು.
ಇಲಾಖೆಯ ಪುಸ್ತಕದಲ್ಲಿ ಒಂದು ಕಾಟು ಬಿತ್ತು.

ನಾಲ್ಕನೇ ಮನೆಗೆ ಇನ್ನೂರು ಹೆಜ್ಜೆ.
ಮತ್ತೆ ಬಿಚ್ಚುವ ಕಷ್ಟ ಯಾಕೆಂದು
ಲೇಸು ಹಿಡಿದು ಬೂಟು ತೂಗಾಡಿಸುತ್ತ ಬರಿಗಾಲಲ್ಲಿ ನಡೆದಳು.
ಅರ್ಧ ದಾರಿಯಲ್ಲಿ ಮುಳ್ಳು ತುಳಿದು ಒಂದು ಬೈಗುಳ ಬೈದಳು,
ಎರಡೂ ಭಾಷೆಯಲ್ಲಿ ಅದು ಒಂದೇ.

ಮುಂದಿನ ಅಂಗಳದಲ್ಲಿ ನಾಯಿ ಎದ್ದಿತು.